ಕಡತದಿಂದ ಚಾರ್ಟಿನವರೆಗೆ

ಭಾನುವಾರದ ಸಂಜೆ ಯಾವ ಊರಿನ ಸ್ಟೇಷನರಿ ಅಂಗಡಿಯ ಮುಂದೆ ನಿಂತರೂ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ಆರನೆಯದೋ ಏಳನೆಯದೋ ತರಗತಿಯ ಮಗುವಿನ ಕೈಹಿಡಿದು ಬಂದ ತಂದೆ ಅಥವಾ ತಾಯಿ, 'ಹೊಯ್ಸಳರ ದೇವಸ್ಥಾನ ಇದೆಯಾ? ಕೋಟೆಗಳು ಇದೆಯಾ?' ಎಂದು ವಿಚಾರಿಸುತ್ತಾರೆ. ಅಂಗಡಿಯಾತ ಕಟ್ಟಿನೊಳಗಿಂದ ಚಿತ್ರಗಳ ಹಾಳೆಯೊಂದನ್ನು ಎಳೆದು ಕೊಡುತ್ತಾನೆ. ಜೊತೆಗೆ ಒಂದು ಬಣ್ಣದ ಚಾರ್ಟು, ಗೋಂದು, ಸ್ಕೆಚ್ ಪೆನ್ನು. ರಾತ್ರಿ ಊಟದ ನಂತರ ಚಿತ್ರ ಕತ್ತರಿಸುವವರು ತಾಯಿ, ಅಂಟಿಸುವವರು ತಂದೆ, ಅಡಿಯಲ್ಲಿ ಹೆಸರು ಬರೆಯುವವಳು ಅಕ್ಷರ ದುಂಡಗಿರುವ ಅಕ್ಕ. ಅಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ. ಸೋಮವಾರ ಬೆಳಿಗ್ಗೆ 'ಪ್ರಾಜೆಕ್ಟ್' ಸುರುಳಿ ಸುತ್ತಿಕೊಂಡು ಶಾಲೆಗೆ ಹೋಗುತ್ತದೆ. ಅದಕ್ಕೆ ಅಂಕವೂ ಬೀಳುತ್ತದೆ.

ಈ ಕೆಲಸಕ್ಕೆ ಕನ್ನಡದಲ್ಲಿ ಏನು ಹೆಸರು ಎಂಬುದೇ ಇನ್ನೂ ಗಟ್ಟಿಯಾಗಿಲ್ಲ. 'ಮನೆಪಾಠ' ಎಂದರೆ ಟ್ಯೂಷನ್ ಎಂದು ತಿಳಿಯುತ್ತಾರೆ. 'ಮನೆಗೆಲಸ' ಎಂದರೆ ಕಸ ಮುಸುರೆ ನೆನಪಾಗುತ್ತದೆ. ಜನ ತಮ್ಮ ಪಾಡಿಗೆ 'ಹೋಂವರ್ಕ್' ಎಂದೇ ಹೇಳಿಕೊಂಡಿದ್ದಾರೆ. ಹೆಸರು ಏನೇ ಇರಲಿ, ಇತಿಹಾಸ, ಭೂಗೋಳ, ಪೌರನೀತಿಗಳನ್ನು ಕಲಿಯುವ ಹನ್ನೆರಡು ಹದಿಮೂರು ವರ್ಷದ ಮಗುವಿನ ಕೈಗೆ ಯಾವ ಕೆಲಸ ಕೊಡಬೇಕು ಎಂಬ ಪ್ರಶ್ನೆ ಹೊಸದಲ್ಲ. ಅದಕ್ಕೆ ಕನ್ನಡ ನಾಡಿನಲ್ಲೇ ಇನ್ನೂರು ವರ್ಷಗಳ ದಾಖಲೆ ಸಿಗುತ್ತದೆ.

ಮದರಾಸು ಪ್ರಾಂತ್ಯದ ಗವರ್ನರ್ ಆಗಿದ್ದ ಥಾಮಸ್ ಮನ್ರೊ 1822ರಲ್ಲಿ ತನ್ನ ಜಿಲ್ಲೆಗಳ ಕಲೆಕ್ಟರುಗಳಿಗೆ ಒಂದು ಆಜ್ಞೆ ಕಳಿಸಿದ. ಅವರವರ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ, ಏನು ಓದುತ್ತಾರೆ ಎಂಬ ಲೆಕ್ಕ ಕೊಡಬೇಕಿತ್ತು. ಹೆಚ್ಚಿನ ಕಲೆಕ್ಟರುಗಳು ಅಂಕಿಗಳ ಪಟ್ಟಿ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್ 17ರಂದು ಕಳಿಸಿದ ವರದಿಯಲ್ಲಿ ಶಾಲೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ಬರೆದ. ಧರ್ಮಪಾಲ್ ಅವರು 1983ರಲ್ಲಿ ಪ್ರಕಟಿಸಿದ ಸಂಗ್ರಹದಿಂದ ಈ ವರದಿ ಮತ್ತೆ ಓದುಗರ ಕೈಗೆ ಬಂತು.

ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು. ಇಂದು ಆಂಧ್ರಕ್ಕೆ ಸೇರಿದ ಸೀಮೆಯೂ ಅದರಲ್ಲಿತ್ತು. ಜನಸಂಖ್ಯೆ 9,27,857. ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಫಾರಸಿ, ತಮಿಳು ಶಾಲೆಗಳು, ಸಂಸ್ಕೃತ ಪಾಠದ ಎಡೆಗಳು, ಜೊತೆಗೆ ಒಂದೇ ಒಂದು ಇಂಗ್ಲಿಷ್ ಶಾಲೆ. ಒಟ್ಟು ವಿದ್ಯಾರ್ಥಿಗಳು 6,641. ಅವರಲ್ಲಿ ಹೆಣ್ಣುಮಕ್ಕಳು ಬರೀ 60. ಸಾವಿರ ಜನರಲ್ಲಿ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಹಿಂದಿನದೆಲ್ಲ ಚಿನ್ನದ ಕಾಲ ಎನ್ನುವವರು ಈ ಅಂಕಿಯನ್ನು ಮರೆಯಬಾರದು. ಅದೇ ರೀತಿ, ಮೊದಲು ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ, ಜನ ಬಡವಾಗುತ್ತಿರುವುದೇ ಇದಕ್ಕೆ ಕಾರಣ ಎಂದು ಕಂಪನಿಯ ಕಲೆಕ್ಟರನೇ ಬರೆದದ್ದನ್ನು ಕಂಪನಿಯ ಕಾಲವನ್ನು ಹೊಗಳುವವರೂ ಮರೆಯಬಾರದು.

ಶಾಲೆ ಬೆಳಿಗ್ಗೆ ಆರಕ್ಕೆ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಐಗಳು ಸರಸ್ವತಿಯ ಹೆಸರು ಬರೆಯುತ್ತಿದ್ದರು. ಅದು ಗೌರವ. ಎರಡನೆಯವನ ಕೈಮೇಲೆ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಕೊನೆಯವನವರೆಗೆ ಏರುತ್ತಾ ಹೋಗುತ್ತಿತ್ತು. ಸೋಮಾರಿಗಳನ್ನು ಕೈಕಟ್ಟಿ ಸೂರಿಗೆ ನೇತುಹಾಕುತ್ತಿದ್ದರು. ಹಳೆಯ ತಲೆಮಾರಿನವರು 'ಕೋದಂಡ' ಎಂದು ನೆನಪಿಸಿಕೊಳ್ಳುತ್ತಿದ್ದ ಶಿಕ್ಷೆ ಇದೇ. ಇಲ್ಲವೇ ಕೂತು ಏಳಿಸುವುದು, ಅಂದರೆ ಬಸ್ಕಿ. ಇದು ದಣಿಸುವಂಥದ್ದಾದರೂ ಬಹುಶಃ ಮೈಗೆ ಒಳ್ಳೆಯದು ಎಂದು ಕಲೆಕ್ಟರ್ ಸಾಹೇಬ ಸೇರಿಸಿದ್ದಾನೆ. ಅವನು ಹೊಡೆದಿರಲಿಕ್ಕಿಲ್ಲ ಬಸ್ಕಿ.

ಅಕ್ಷರ ಕಲಿಯುವುದು ನೆಲದ ಮರಳಿನ ಮೇಲೆ ಬೆರಳಿನಿಂದ. ಅದರಲ್ಲಿ ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಎಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡು. ನಯಮಾಡಿ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದರೆ ಬರೆಯಲು ಸಿದ್ಧ. ಕಡತವೆಂದರೆ ಗಂಜಿ ಹಾಕಿ ಬಿರುಸುಗೊಳಿಸಿದ ಬಟ್ಟೆ. ಅದನ್ನು ಪುಸ್ತಕದ ಹಾಗೆ ಮಡಿಕೆ ಮಡಿಕೆಯಾಗಿ ಮಡಚಿ ಇದ್ದಿಲು ಮತ್ತು ಅಂಟುಗಳ ಲೇಪ ಕೊಡುತ್ತಿದ್ದರು. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ವಸ್ತು ಮಾಯವಾಗಿ ಹೆಸರು ಮಾತ್ರ ಉಳಿದಿರುವ ಪದಗಳಲ್ಲಿ ಇದೊಂದು. ಇಂದು ಕಡತ ಎಂದರೆ ಕಚೇರಿಯ ಮೇಜಿನ ಮೇಲೆ ವರ್ಷಗಟ್ಟಲೆ ಅಲುಗದೆ ಕೂರುವ ಫೈಲು.

ಮಾನವಿಕ ವಿಷಯಗಳು ಎಂದು ಇಂದು ಕರೆಯುವುದಕ್ಕೆ ಆ ಶಾಲೆಯಲ್ಲಿ ಬೇರೆ ಹೆಸರಿರಲಿಲ್ಲ, ಆದರೆ ಎರಡು ಬಗೆಯ ಕೆಲಸಗಳಿದ್ದವು. ಒಂದು ಬಾಯಿಪಾಠ. ಬ್ರಾಹ್ಮಣರ ಮಕ್ಕಳು ರಾಮಾಯಣ ಭಾರತ ಭಾಗವತಗಳನ್ನು, ಲಿಂಗವಂತರ ಮಕ್ಕಳು ಬಸವ ಪುರಾಣ, ಗಿರಿಜಾ ಕಲ್ಯಾಣದಂಥವನ್ನು, ಕುಶಲಕರ್ಮಿಗಳ ಮಕ್ಕಳು ವಿಶ್ವಕರ್ಮ ಪುರಾಣದಂಥವನ್ನು ಒಪ್ಪಿಸುತ್ತಿದ್ದರು. ಹಗುರಾದ ಓದಿಗೆ ಪಂಚತಂತ್ರವೂ ಇತ್ತು. ಕ್ಯಾಂಪ್‌ಬೆಲ್‌ನ ದೊಡ್ಡ ದೂರು ಇಲ್ಲಿದೆ. ಈ ಕಾವ್ಯಗಳ ಭಾಷೆ ಮಕ್ಕಳು ಆಡುವ ಭಾಷೆಯಲ್ಲ. ಹುಡುಗರು ನೂರಾರು ಪದ್ಯಗಳನ್ನು ಗಿಳಿಯಂತೆ ಹೇಳುತ್ತಾರೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ತಿಳಿದಿದೆ ಎಂಬುದು ಅವನ ಮಾತಿನ ಸಾರ. ಕಲಿಸುವ ಐಗಳಿಗೂ ಹಲವು ಕಡೆ ಅರ್ಥ ಗೊತ್ತಿಲ್ಲ ಎಂದೂ ಅವನಿಗೆ ಕಂಡಿತು.

ಎರಡನೆಯ ಕೆಲಸದ ಬಗ್ಗೆ ಅವನು ಬರೆದದ್ದು ಒಂದೆರಡು ಸಾಲು ಮಾತ್ರ, ಓದುವವರೂ ಅದನ್ನು ದಾಟಿ ಹೋಗುವುದೇ ಹೆಚ್ಚು. ಐಗಳು ಊರಿನಲ್ಲಿ ಅಲ್ಲಿ ಇಲ್ಲಿ ಸಿಕ್ಕ ಕಾಗದಪತ್ರಗಳನ್ನು, ಸರಕಾರದ ಪತ್ರಗಳನ್ನು ಕೂಡಿಟ್ಟುಕೊಂಡು, ಬೇರೆ ಬೇರೆ ಜನರ ಕೈಬರಹವನ್ನು ಮಕ್ಕಳಿಂದ ಓದಿಸುತ್ತಿದ್ದರು. ಪತ್ರ ಬರೆಯುವುದು, ಕರಾರು ಪತ್ರದ ಒಕ್ಕಣೆ ಮಾಡುವುದೂ ಪಾಠವೇ. ಯಾರೋ ಅವಸರದಲ್ಲಿ ಗೀಚಿದ ನಿಜವಾದ ಕಾಗದವೊಂದನ್ನು ಹುಡುಗನ ಮುಂದೆ ಹಿಡಿದು, ಇದರಲ್ಲಿ ಏನಿದೆ, ಯಾರು ಯಾರಿಗೆ ಬರೆದದ್ದು, ಎಷ್ಟು ಸಾಲ, ಯಾವ ಹೊಲ ಎಂದು ಬಿಡಿಸಬೇಕಾದ ಕೆಲಸ ಅದು. ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ಕಾಗದದಲ್ಲೇ ಇದೆ. ಇತಿಹಾಸಕಾರ ಜೀವನವಿಡೀ ಮಾಡುವುದೂ ಇದನ್ನೇ. ಬಳ್ಳಾರಿಯ ಐಗಳಿಗೆ ಅಂಥ ಉದ್ದೇಶವೇನೂ ಇರಲಿಲ್ಲ. ಶಾನುಭೋಗಿಕೆಗೋ ಸಾಹುಕಾರನ ಗುಮಾಸ್ತಿಕೆಗೋ ಹುಡುಗ ತಯಾರಾದರೆ ಸಾಕಿತ್ತು. ಆದರೂ ಒಂದೇ ಜಗಲಿಯ ಮೇಲೆ ಗಿಳಿಪಾಠವೂ ಇತ್ತು, ಪತ್ರಪಾಠವೂ ಇತ್ತು. ಮುಂದೆ ಉಳಿದದ್ದು ಯಾವುದು, ಹೋದದ್ದು ಯಾವುದು ಎಂಬುದೇ ನಂತರದ ಕಥೆ.

ಇದರ ನಡುವೆ ಒಂದು ವಿಚಿತ್ರ. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಮಲಬಾರಿನ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ತಂದ. ದೊಡ್ಡ ಹುಡುಗರಿಂದ ಸಣ್ಣವರಿಗೆ ಪಾಠ ಹೇಳಿಸುವ ಪದ್ಧತಿಯನ್ನೂ ಬೆಳೆಸಿದ. ಸ್ವದೇಶಕ್ಕೆ ಮರಳಿ 1797ರಲ್ಲಿ ಈ ಬಗ್ಗೆ ಪುಸ್ತಕ ಬರೆದ. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಬಡಮಕ್ಕಳು ಮರಳಿನ ತಟ್ಟೆಯ ಮುಂದೆ ಕೂತು 'ಮದರಾಸು ಪದ್ಧತಿ'ಯಲ್ಲಿ ಅಕ್ಷರ ತಿದ್ದತೊಡಗಿದರು. ಬಳ್ಳಾರಿಯ ವರದಿ ಬರೆಯುವ ಹೊತ್ತಿಗೆ ಕ್ಯಾಂಪ್‌ಬೆಲ್‌ಗೂ ಇದು ಗೊತ್ತಿತ್ತು. ಇಂಗ್ಲೆಂಡು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಅವನು ಮೆಚ್ಚಿಕೊಂಡಿದ್ದಾನೆ. ಇಲ್ಲಿಂದ ಮರಳು ಅಲ್ಲಿಗೆ ಹೋಯಿತು. ಅಲ್ಲಿಂದ ಇಲ್ಲಿಗೆ ಬಂದದ್ದು ಪರೀಕ್ಷೆ.

1854ರ ವುಡ್ ವರದಿಯ ನಂತರ ಪ್ರಾಂತ್ಯಗಳಲ್ಲಿ ವಿದ್ಯಾ ಇಲಾಖೆಗಳು ಹುಟ್ಟಿದವು. ಮೈಸೂರಿನಲ್ಲಿ ಇಲಾಖೆ ಆರಂಭವಾದದ್ದು 1857ರಲ್ಲಿ. ಇತಿಹಾಸ ಮತ್ತು ಭೂಗೋಳ ಮೊದಲ ಬಾರಿಗೆ ಪ್ರತ್ಯೇಕ ವಿಷಯಗಳಾಗಿ, ಅಚ್ಚಾದ ಪುಸ್ತಕಗಳಾಗಿ ಕನ್ನಡ ಶಾಲೆಗೆ ಬಂದವು. ಇದು ಸಣ್ಣ ಲಾಭವಲ್ಲ. ಭೂಮಿಯ ನಕ್ಷೆಯನ್ನೇ ಕಂಡಿರದ ಹುಡುಗನಿಗೆ ನಕ್ಷೆ ಕಂಡಿತು. ಧಾರವಾಡದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಮರಾಠಿಯ ನಡುವೆ ಕನ್ನಡ ಶಾಲೆಗಳನ್ನು ತೆರೆಸಲು ಪಟ್ಟ ಪಾಡಿಲ್ಲದಿದ್ದರೆ ಆ ಭಾಗದಲ್ಲಿ ಕನ್ನಡ ಪುಸ್ತಕ ಕೇಳುವವರೇ ಇರುತ್ತಿರಲಿಲ್ಲ.

ಆದರೆ ಪುಸ್ತಕದ ಹಿಂದೆಯೇ ಇನ್‌ಸ್ಪೆಕ್ಟರ್ ಬಂದರು. ಇಂಗ್ಲೆಂಡಿನಲ್ಲಿ 1862ರಿಂದ ಜಾರಿಯಾದ ಒಂದು ನಿಯಮದ ಪ್ರಕಾರ ಶಾಲೆಗೆ ಸಿಗುವ ಸರಕಾರಿ ಹಣ, ಎಷ್ಟು ಮಕ್ಕಳು ಇನ್‌ಸ್ಪೆಕ್ಟರರ ಮುಂದೆ ಪಾಸಾದರು ಎಂಬುದನ್ನು ಅವಲಂಬಿಸಿತ್ತು. 1860ರ ದಶಕದಲ್ಲೇ ಅದರ ನೆರಳು ಮದರಾಸು ಮತ್ತು ಮುಂಬಯಿ ಪ್ರಾಂತ್ಯಗಳ ಅನುದಾನಿತ ಶಾಲೆಗಳ ಮೇಲೂ ಬಿತ್ತು. ಮೇಷ್ಟರ ಸಂಬಳ ಮಗುವಿನ ಬಾಯಿಂದ ಬರುವ ಉತ್ತರಕ್ಕೆ ಗಂಟು ಬಿದ್ದ ಮೇಲೆ, ಬರಬಹುದಾದ ಪ್ರಶ್ನೆಗಳನ್ನು ಮೊದಲೇ ಊಹಿಸಿ ಉತ್ತರ ಬರೆಸಿ ಉರುಹೊಡೆಸುವುದು ಬಿಟ್ಟು ಬೇರೆ ದಾರಿ ಉಳಿಯಲಿಲ್ಲ. ಊರ ಕಾಗದಪತ್ರ ಓದಿಸಲು ಹೊತ್ತೆಲ್ಲಿ? ಇನ್‌ಸ್ಪೆಕ್ಟರ್ ಕೇಳುವುದು ಅದನ್ನಲ್ಲ. ಹಳೆಯ ಜಗಲಿಯ ಎರಡು ಕೆಲಸಗಳಲ್ಲಿ ಗಿಳಿಪಾಠ ಹೊಸ ಶಾಲೆಗೂ ಸಲೀಸಾಗಿ ನಡೆದುಬಂತು. ಬಸವ ಪುರಾಣದ ಜಾಗದಲ್ಲಿ ಗವರ್ನರ್ ಜನರಲ್‌ಗಳ ಪಟ್ಟಿ ಬಂತು, ಅಷ್ಟೇ. ಪತ್ರಪಾಠ ಹೊರಗೇ ಉಳಿಯಿತು. ಶಿಕ್ಷಣ ಚಿಂತಕ ಕೃಷ್ಣ ಕುಮಾರ್ ಇದನ್ನು 'ಪಠ್ಯಪುಸ್ತಕ ಸಂಸ್ಕೃತಿ' ಎಂದು ಕರೆದು, ಅದರ ಬೇರನ್ನು ಹತ್ತೊಂಬತ್ತನೆಯ ಶತಮಾನದ ಪರೀಕ್ಷೆಯಲ್ಲೂ ಕಡಿಮೆ ಸಂಬಳದ, ತನ್ನ ಪಾಠದ ಮೇಲೆ ತನಗೇ ಅಧಿಕಾರವಿಲ್ಲದ ಮೇಷ್ಟರಲ್ಲೂ ಗುರುತಿಸಿದ್ದಾರೆ.

ಉರು ಹೊಡೆಯಲು ಶಾಲೆಯ ಹೊತ್ತು ಸಾಲದೆ ಪಾಠ ಮನೆಗೆ ಹೊರಟಿತು. ಇದು ಎಲ್ಲ ಕಡೆಯೂ ಜನ ಸುಮ್ಮನೆ ಒಪ್ಪಿಕೊಂಡ ಸಂಗತಿಯಲ್ಲ. 1884ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು, ಮನೆಯಲ್ಲಿ ಮಾಡಬೇಕಾದ ಪಾಠ ಮಾಡಿಲ್ಲವೆಂದು ಮಗುವನ್ನು ಶಾಲೆ ಬಿಟ್ಟ ಮೇಲೂ ಕೂಡಿಹಾಕಿಕೊಳ್ಳುವ ಅಧಿಕಾರ ಮೇಷ್ಟರಿಗಿಲ್ಲ ಎಂದು ತೀರ್ಪಿತ್ತಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1901ರಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಹೋಂವರ್ಕನ್ನೇ ಕಾನೂನಿನ ಮೂಲಕ ನಿಷೇಧಿಸಿತ್ತು. 1917ರಲ್ಲಿ ಆ ಕಾನೂನು ರದ್ದಾಯಿತು.

ಪುಸ್ತಕದಲ್ಲಿ ಬಿಟ್ಟುಹೋದದ್ದು ಏನು ಎಂಬುದು ಕನ್ನಡಿಗರಿಗೆ ಅರಿವಾದ ಬಗೆ ಬೇರೆ. ಮುಂಬಯಿ ಪ್ರಾಂತ್ಯದ ಶಾಲೆಗಳಲ್ಲಿ ಓದಿ ಬೆಳೆದ ಆಲೂರ ವೆಂಕಟರಾಯರು 1905ರಲ್ಲಿ ಆನೆಗೊಂದಿ ಹಂಪೆಗಳಿಗೆ ಹೋದರು. ಕಲ್ಲುಗಳ ನಡುವೆ ನಿಂತಾಗ, ತಮ್ಮ ನಾಡಿಗೆ ಇಂಥದೊಂದು ಚರಿತ್ರೆಯಿದೆ ಎಂಬುದು ಯಾವ ಪಾಠದಿಂದಲೂ ತಟ್ಟದಷ್ಟು ಬಲವಾಗಿ ಅವರಿಗೆ ತಟ್ಟಿತು. 1917ರಲ್ಲಿ 'ಕರ್ನಾಟಕ ಗತವೈಭವ' ಹೊರಬಂತು. ಕನ್ನಡ ನಾಡಿನ ಏಕೀಕರಣದ ಹಿಂದೆ ಒಂದು ಪ್ರವಾಸವಿದೆ ಎಂದರೆ ಅದು ಪೂರ್ತಿ ಉತ್ಪ್ರೇಕ್ಷೆಯಲ್ಲ. ಅಲ್ಲೇ ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ಹೊತ್ತಿಗೆ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ತಾಲ್ಲೂಕುವಾರು, ಊರುವಾರು ಜೋಡಿಸಿ ಕೊಟ್ಟಿದ್ದವು. ಯಾವ ಹಳ್ಳಿಯ ಮೇಷ್ಟರಾದರೂ ತಮ್ಮ ಊರಿನ ಹೆಸರು ಹುಡುಕಿ, ಕೆರೆ ಏರಿಯ ಮೇಲಿನ ವೀರಗಲ್ಲಿನಲ್ಲಿ ಏನಿದೆ ಎಂದು ಮಕ್ಕಳಿಗೆ ಹೇಳಬಹುದಿತ್ತು. ಆದರೆ ಆ ಸಂಪುಟಗಳು ವಿದ್ವಾಂಸರ ಕಪಾಟು ಸೇರಿದವು, ತರಗತಿಗೆ ಬರಲಿಲ್ಲ.

ಗಿಳಿಪಾಠವನ್ನು ಮುರಿಯಲು ಹೊರಟವರು ಇರಲಿಲ್ಲವೆಂದಲ್ಲ. 1901ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ಮಕ್ಕಳನ್ನು ಮರದಡಿ ಕೂರಿಸಿದರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಕಥೆ, ನಾಟಕ, ಆಟಗಳ ಮೂಲಕವೇ ಪಾಠ ಹೇಳಬಹುದೆಂದು ತೋರಿಸಿ, 1930ರ ದಶಕದ ಆರಂಭದಲ್ಲಿ 'ದಿವಾಸ್ವಪ್ನ' ಎಂಬ ಕೃತಿಯಲ್ಲಿ ಅಂಥ ಒಬ್ಬ ಮೇಷ್ಟರ ಒಂದು ವರ್ಷದ ಪ್ರಯೋಗವನ್ನು ಕಥೆಯಾಗಿಸಿದರು. ಕನ್ನಡದಲ್ಲಿ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ' ತಂದದ್ದು ಪಠ್ಯಪುಸ್ತಕದಾಚೆ ಮಗುವಿಗೆ ಒಂದು ಲೋಕವಿದೆ ಎಂದು ತೋರಿಸಲೆಂದೇ. ಗಾಂಧೀಜಿಯ 1937ರ ವಾರ್ಧಾ ಯೋಜನೆಯಲ್ಲಿ ಝಾಕಿರ್ ಹುಸೇನ್ ಸಮಿತಿ ತಕಲಿಯ ಜೊತೆಗೆ ಸಮಾಜ ಪಾಠಕ್ಕೂ ಜಾಗ ಕೊಟ್ಟಿತು. 1952-53ರ ಮುದಲಿಯಾರ್ ಆಯೋಗ ಇತಿಹಾಸ, ಭೂಗೋಳ, ಪೌರನೀತಿಗಳನ್ನು ಒಂದುಗೂಡಿಸಬೇಕೆಂದಿತು. ಹೆಸರು ಬದಲಾಯಿತು, ಪಾಠದ ಕೊನೆಯ 'ಬಿಟ್ಟ ಸ್ಥಳ ತುಂಬಿರಿ' ಬದಲಾಗಲಿಲ್ಲ.

ಈ ಸಾಲಿನಲ್ಲಿ ಮಾಧ್ಯಮಿಕ ತರಗತಿಗಳ ಮಟ್ಟಿಗೆ ಹೆಚ್ಚು ಆಳಕ್ಕೆ ಹೋದದ್ದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಪ್ರಯೋಗ. ಆ ಊರಿಗೆ ಈಗ ನರ್ಮದಾಪುರಂ ಎಂದು ಹೆಸರು. ಅಲ್ಲಿ 1972ರಲ್ಲಿ 16 ಹಳ್ಳಿಗಳ ಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮ ಶುರುವಾಗಿತ್ತು. 1982ರಲ್ಲಿ ಹುಟ್ಟಿದ 'ಏಕಲವ್ಯ' ಸಂಸ್ಥೆ ಅದನ್ನು ವಹಿಸಿಕೊಂಡು, ಸಮಾಜ ವಿಜ್ಞಾನದಲ್ಲೂ ಅಂಥದು ಸಾಧ್ಯವೇ ಎಂದು ಕೇಳಿಕೊಂಡಿತು. ಇದು ಸುಲಭದ ಪ್ರಶ್ನೆಯಲ್ಲ. ನೀರನ್ನು ಕಾಯಿಸಿ ಮಗುವಿಗೆ ತೋರಿಸಬಹುದು. ಅಶೋಕನನ್ನು ಎಲ್ಲಿಂದ ತರುವುದು?

ಅವರು ಕಂಡುಕೊಂಡ ದಾರಿ ಪುಸ್ತಕವನ್ನೇ ಬೇರೆ ಬಗೆಯಲ್ಲಿ ಬರೆಯುವುದು. ನೂರು ರಾಜರ ಹೆಸರು ಹೇಳುವ ಬದಲು ಕೆಲವೇ ಸಂಗತಿಗಳನ್ನು ಆಯ್ದು, ಕಥೆಯಂತೆ, ವಿವರವಾಗಿ ಹೇಳಿದರು. ಪ್ರಶ್ನೆಗಳನ್ನು ಪಾಠದ ಕೊನೆಗೆ ಗುಡ್ಡೆ ಹಾಕದೆ ನಡುನಡುವೆಯೇ ಇಟ್ಟರು. ಎರಡು ಚಿತ್ರಗಳನ್ನು ಹೋಲಿಸು, ನಕ್ಷೆ ನೋಡಿ ಹೇಳು, ಮನೆಯ ಹಿರಿಯರನ್ನು ಕೇಳಿ ಬಾ ಎಂಬಂಥವು. ಆರು, ಏಳು, ಎಂಟನೆಯ ತರಗತಿಗಳಿಗೆ ಇಂಥ ಪುಸ್ತಕಗಳು ತಯಾರಾಗಿ 1980ರ ದಶಕದ ನಡುವಿನಿಂದ ಕೆಲವೇ ಕೆಲವು ಸರಕಾರಿ ಶಾಲೆಗಳಲ್ಲಿ ಬಳಕೆಗೆ ಬಂದವು. ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆಯನ್ನು ಅವರು ಮುಟ್ಟಿದ್ದು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದಿತ್ತು. ಮೇಲ್ನೋಟಕ್ಕೆ ಇದು ಮಕ್ಕಳಿಗೆ ಕೊಟ್ಟ ರಿಯಾಯಿತಿ. ಒಳಗೆ ನೋಡಿದರೆ ಮೇಷ್ಟರ ಮೇಲೆ ಹೇರಿದ ಕಟ್ಟುಪಾಡು. ಪುಸ್ತಕ ಎದುರಿಗೇ ಇರುವಾಗ 'ಪಾಣಿಪತ್ ಯುದ್ಧ ಯಾವಾಗ ನಡೆಯಿತು' ಎಂದು ಕೇಳುವುದರಲ್ಲಿ ಅರ್ಥವೇ ಇಲ್ಲ. ಆದ್ದರಿಂದ ಬೇರೆ ಪ್ರಶ್ನೆ ಹುಟ್ಟಲೇಬೇಕು.

ಪ್ರಯೋಗ 2002ರಲ್ಲಿ ನಿಂತುಹೋಯಿತು. ರಾಜ್ಯದ ಇತರೆಡೆ ಇರುವ ಪಠ್ಯವೇ ಇಲ್ಲೂ ಇರಲಿ ಎಂದು ಸರಕಾರ ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಎರಡೂ ಕಾರ್ಯಕ್ರಮಗಳನ್ನು ಮುಚ್ಚಿತು. ದೇಶದ ಹಲವು ವಿಜ್ಞಾನಿಗಳೂ ಶಿಕ್ಷಣ ತಜ್ಞರೂ ಪ್ರತಿಭಟಿಸಿದರು. ಆದರೆ ಮಕ್ಕಳು ಮುಂದೆ ಎಲ್ಲರ ಜೊತೆ ಒಂದೇ ಬೋರ್ಡ್ ಪರೀಕ್ಷೆಗೆ ಕೂರಬೇಕಾದವರು ಎಂಬ ಪೋಷಕರ ಆತಂಕವನ್ನು ಸುಳ್ಳೆನ್ನುವಂತಿರಲಿಲ್ಲ. ಊರಿನ ಹತ್ತು ಮನೆಗಳಿಗೆ ಹೋಗಿ ಕೂಲಿಯ ದರ ವಿಚಾರಿಸಿ ಬಂದ ಹುಡುಗನಿಗೆ ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಅದಕ್ಕಾಗಿ ಒಂದು ಅಂಕವೂ ಇರಲಿಲ್ಲ.

ಹೋಶಂಗಾಬಾದಿನ ಪ್ರಯೋಗ ನಡೆಯುತ್ತಿದ್ದ ಕಾಲದಲ್ಲೇ ದೆಹಲಿಯಲ್ಲಿ ಮೈಸೂರಿನ ಒಬ್ಬರು ಬಾಯಿಬಿಟ್ಟರು. ರಾಜ್ಯಸಭೆಗೆ ನಾಮಕರಣಗೊಂಡಿದ್ದ ಆರ್.ಕೆ. ನಾರಾಯಣ್ 1989ರ ತಮ್ಮ ಭಾಷಣದಲ್ಲಿ ರಾಜಕೀಯ ಮಾತಾಡದೆ ಶಾಲಾ ಮಕ್ಕಳ ಚೀಲದ ಭಾರದ ಬಗ್ಗೆ ಮಾತಾಡಿದರು. ಚೀಲ ಹೊತ್ತು ಬೆನ್ನು ಬಾಗಿದ ಮಕ್ಕಳು, ಬೆಳಿಗ್ಗೆ ಹಾಸಿಗೆಯಿಂದ ಎಳೆಸಿಕೊಂಡು ರಾತ್ರಿ ಹೋಂವರ್ಕಿನವರೆಗೆ ಬಿಡುವಿಲ್ಲದ ಅವರ ದಿನಚರಿ, ಇವನ್ನು ಹೇಳಿ ಚೀಲವನ್ನೇ ರದ್ದುಮಾಡಿ ಎಂದರು. ಈ ವಿಷಯದಲ್ಲಿ ಅವರ ಅಧಿಕಾರ ಹಳೆಯದು. 1935ರ 'ಸ್ವಾಮಿ ಅಂಡ್ ಫ್ರೆಂಡ್ಸ್'ನ ಹುಡುಗ ಯುರೋಪಿನ ನಕ್ಷೆ ಮುಂದಿಟ್ಟುಕೊಂಡು, ಇಷ್ಟು ಸೊಟ್ಟಂಬಟ್ಟ ದೇಶದಲ್ಲಿ ಜನ ಹೇಗೆ ಬದುಕುತ್ತಾರೋ, ನಕ್ಷೆ ಬರೆದವರಿಗೆ ಅದರ ಆಕಾರ ಹೇಗೆ ತಿಳಿಯಿತೋ ಎಂದು ಯೋಚಿಸುತ್ತಾನೆ. ನಿಜವಾಗಿ ಭೂಗೋಳದ ಪಾಠ ಶುರುವಾಗಬೇಕಾದದ್ದು ಆ ಎರಡನೆಯ ಪ್ರಶ್ನೆಯಿಂದ. ಅವನ ಶಾಲೆಯಲ್ಲಿ ಅದನ್ನು ಕೇಳುವಂತಿರಲಿಲ್ಲ.

ನಾರಾಯಣರ ಮಾತು ಗಾಳಿಗೆ ಹೋಗಲಿಲ್ಲ. 1992ರಲ್ಲಿ ವಿಜ್ಞಾನಿ ಯಶ್‌ಪಾಲ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರಕಾರ ಸಮಿತಿ ರಚಿಸಿತು. 1993ರ ಜುಲೈನಲ್ಲಿ ವರದಿ ಬಂತು. ಸರಕಾರಿ ವರದಿಯ ಮಟ್ಟಿಗೆ ಬಹಳ ತೆಳುವಾದ, ಬಹಳ ಓದಬಲ್ಲ ವರದಿ ಅದು. ಚೀಲದ ತೂಕಕ್ಕಿಂತ ಅರ್ಥವಾಗದೆ ಇರುವುದರ ತೂಕ ಹೆಚ್ಚು ಎಂಬುದು ಅದರ ತಿರುಳು. ಕ್ಯಾಂಪ್‌ಬೆಲ್‌ನ ಗಿಳಿ 170 ವರ್ಷಗಳ ನಂತರವೂ ಪಂಜರದಲ್ಲೇ ಇತ್ತು. ಹೋಂವರ್ಕಿನ ಬಗ್ಗೆ ಸಮಿತಿ ಹೇಳಿದ್ದು ಹೀಗೆ: ಪ್ರಾಥಮಿಕ ತರಗತಿಗಳಲ್ಲಿ ಮನೆಯ ಪರಿಸರವನ್ನು ಅರಿಯುವ ಕೆಲಸ ಬಿಟ್ಟರೆ ಬೇರೇನೂ ಬೇಡ, ಅದರ ಮೇಲಿನ ತರಗತಿಗಳಲ್ಲಿ ಬೇಕೇಬೇಕಿದ್ದರೆ ಪಠ್ಯಪುಸ್ತಕದಿಂದ ಹೊರತಾದ ಕೆಲಸ ಕೊಡಿ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವರದಿಯನ್ನೇ ಆಧಾರವಾಗಿಟ್ಟುಕೊಂಡಿತು. ಅಂದು ಎನ್‌ಸಿಇಆರ್‌ಟಿಯ ನಿರ್ದೇಶಕರಾಗಿದ್ದವರು ಕೃಷ್ಣ ಕುಮಾರ್. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಂತರ ನಿರಂತರ ಮೌಲ್ಯಮಾಪನ ಬಂತು. ಕರ್ನಾಟಕದ ಸಮಾಜ ವಿಜ್ಞಾನ ಪುಸ್ತಕಗಳಲ್ಲೂ 'ಅಭ್ಯಾಸ'ದ ಕೆಳಗೆ 'ಚಟುವಟಿಕೆ' ಎಂಬ ತಲೆಬರಹ ಮೂಡಿತು. ಗ್ರಾಮ ಪಂಚಾಯಿತಿಗೆ ಭೇಟಿ ಕೊಡಿ, ಹತ್ತಿರದ ಸ್ಮಾರಕದ ಬಗ್ಗೆ ಮಾಹಿತಿ ಸಂಗ್ರಹಿಸಿ, ಚಿತ್ರ ಅಂಟಿಸಿ. ಕಾಗದದ ಮೇಲೆ ಯಶ್‌ಪಾಲ್ ಗೆದ್ದರು. ಆದರೆ ಚಟುವಟಿಕೆಗೆ ಅಂಕ ಕೊಡಬೇಕು, ಅಂಕಕ್ಕೆ ದಾಖಲೆ ಇರಬೇಕು, ದಾಖಲೆ ಮೇಲಧಿಕಾರಿ ಬಂದಾಗ ಕಣ್ಣಿಗೆ ಕಾಣಬೇಕು. ಪಂಚಾಯಿತಿಯಲ್ಲಿ ಮಗು ಕೇಳಿ ಬಂದ ಪ್ರಶ್ನೆ ಕಾಣುವುದಿಲ್ಲ. ಗೋಡೆಗೆ ತೂಗುಹಾಕಿದ ಚಾರ್ಟು ಕಾಣುತ್ತದೆ. ಸ್ಟೇಷನರಿ ಅಂಗಡಿಯ ಚಿತ್ರದ ಹಾಳೆಗೆ ಗಿರಾಕಿ ಹುಟ್ಟಿದ್ದು ಹೀಗೆ. ಚಾರ್ಟು ಕೊಳ್ಳಲಾಗದ, ಕತ್ತರಿಸಿ ಅಂಟಿಸಲು ರಾತ್ರಿ ಬಿಡುವಿಲ್ಲದ ತಂದೆತಾಯಿಯ ಮಗುವಿಗೆ ಈ ಸುಧಾರಣೆಯಿಂದ ಸಿಕ್ಕಿದ್ದು ಬೆಂಚಿನ ಮೇಲೆ ನಿಲ್ಲುವ ಇನ್ನೊಂದು ಕಾರಣ.

2020ರಲ್ಲಿ ಕೇಂದ್ರ ಸರಕಾರದ ಶಾಲಾ ಚೀಲ ನೀತಿ ಲೆಕ್ಕವನ್ನು ಇನ್ನಷ್ಟು ನಿಖರ ಮಾಡಿತು: ಎರಡನೆಯ ತರಗತಿಯವರೆಗೆ ಹೋಂವರ್ಕ್ ಇಲ್ಲ, ಆರರಿಂದ ಎಂಟರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಗಂಟೆಯ ಲೆಕ್ಕ ಸಿಕ್ಕಿತು. ಆ ಒಂದು ಗಂಟೆಯಲ್ಲಿ ಮಾಡುವುದೇನು ಎಂಬುದು ಹಾಗೇ ಉಳಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ಕರ್ನಾಟಕದಲ್ಲಿ 'ವಿದ್ಯಾಗಮ' ಎಂಬ ಹೆಸರಿನಲ್ಲಿ ಮೇಷ್ಟರುಗಳು ಮಕ್ಕಳಿದ್ದಲ್ಲಿಗೇ ಹೋಗಿ ಗುಡಿಯ ಪ್ರಾಂಗಣ, ಅರಳಿಕಟ್ಟೆ, ಮನೆಯ ಜಗಲಿಗಳಲ್ಲಿ ಪಾಠ ಮಾಡಿದರು. ಇನ್ನೂರು ವರ್ಷಗಳ ನಂತರ ಶಾಲೆ ಮತ್ತೆ ಜಗಲಿಗೆ ಬಂದಿತ್ತು. ಸೋಂಕು ಹರಡುವ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಈಗ ಚಿತ್ರದ ಹಾಳೆಯ ಜೊತೆಗೆ ಮೊಬೈಲ್ ಸೇರಿದೆ. 'ಹೋಂವರ್ಕ್ ಕಂಡುಹಿಡಿದವರು ಯಾರು' ಎಂದು ಅದರಲ್ಲಿ ಹುಡುಕಿದರೆ, ಇಟಲಿಯ ರಾಬರ್ಟೊ ನೆವಿಲಿಸ್ ಎಂಬ ಶಿಕ್ಷಕನ ಹೆಸರು ಬರುತ್ತದೆ. ಕೆಲವು ಕಡೆ 1905ನೆಯ ಇಸವಿ, ಕೆಲವು ಕಡೆ 1095. ಅಂಥ ಶಿಕ್ಷಕನೊಬ್ಬ ಇದ್ದನೆಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಯಾರೋ ಹುಟ್ಟಿಸಿದ ಹೆಸರು. ಎರಡು ಇಸವಿಗಳ ನಡುವೆ ಎಂಟುನೂರ ಹತ್ತು ವರ್ಷಗಳ ಅಂತರವಿದ್ದರೂ ಮಕ್ಕಳು ನಿಶ್ಚಿಂತೆಯಿಂದ ನಕಲು ಮಾಡಿಕೊಳ್ಳುತ್ತಾರೆ. ತಪ್ಪು ಅವರದಲ್ಲ. ಇದು ನಿಮಗೆ ಹೇಗೆ ಗೊತ್ತು ಎಂದು ಪುಸ್ತಕವನ್ನು ಕೇಳುವ ಅಭ್ಯಾಸವನ್ನು ಶಾಲೆ ಅವರಿಗೆ ಮಾಡಿಸಿಲ್ಲ.

ಬೆಂಗಳೂರಿನ ಮಕ್ಕಳು ತಪ್ಪದೆ ಬರೆಯುವ ಇನ್ನೊಂದು ಹೋಂವರ್ಕ್ ಇದೆ: ನಮ್ಮ ಊರಿಗೆ ಆ ಹೆಸರು ಹೇಗೆ ಬಂತು? ಉತ್ತರ ಎಲ್ಲರಿಗೂ ಬಾಯಿಪಾಠ. ಬೇಟೆಗೆ ಹೋಗಿ ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು. ಚಾರ್ಟಿಗೆ ಅಜ್ಜಿಯ ಚಿತ್ರವೂ ಬರುತ್ತದೆ. ಅದೇ ನಗರದ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 900ರ ಕಾಲದ ಗಂಗರ ವೀರಗಲ್ಲೊಂದಿದೆ. ಬೆಂಗಳೂರ ಕಾಳಗದಲ್ಲಿ ಮಡಿದವನೊಬ್ಬನ ಉಲ್ಲೇಖ ಅದರಲ್ಲಿದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ದೊರೆ ಹುಟ್ಟುವ ಮೊದಲೇ, ಅಜ್ಜಿ ಕಾಳು ಬೇಯಿಸುವ ಎಷ್ಟೋ ಮೊದಲೇ ಊರಿಗೆ ಆ ಹೆಸರಿತ್ತು. ಹಾಗಾದರೆ ಅಜ್ಜಿಯ ಕಥೆ ಏಕೆ ಹುಟ್ಟಿತು, ಯಾರಿಗೆ ಬೇಕಾಗಿತ್ತು, ಕಲ್ಲಿನ ಮಾತನ್ನು ನಂಬುವುದು ಏಕೆ, ಕಲ್ಲು ಸುಳ್ಳು ಹೇಳುವುದಿಲ್ಲವೇ ಎಂಬ ಪ್ರಶ್ನೆಗಳನ್ನು ಏಳನೆಯ ತರಗತಿಯ ಮಗು ಸಲೀಸಾಗಿ ಕೇಳಬಲ್ಲದು. ಚಾರ್ಟು ಬೇಡ, ಗೋಂದು ಬೇಡ. ಬಳ್ಳಾರಿಯ ಐಗಳು ಗೀಚು ಕೈಬರಹದ ಕಾಗದ ಹಿಡಿದು ಕೇಳುತ್ತಿದ್ದ ಪ್ರಶ್ನೆಗಳ ಜಾತಿಯವೇ ಇವು.

ಆ ಶಾಸನವನ್ನು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲೇ ಓದಿ ಪ್ರಕಟಿಸಲಾಗಿದೆ. ಬೇಗೂರಿಗೆ ನಗರದ ಬಸ್ಸೂ ಹೋಗುತ್ತದೆ. ಆದರೆ ಮಕ್ಕಳನ್ನು ಕರೆದೊಯ್ದು ಕಲ್ಲು ತೋರಿಸಿ ಮರಳಿ ತರಲು ಅರ್ಧ ದಿನ ಬೇಕು. ಸಮಾಜ ವಿಜ್ಞಾನದ ಪೀರಿಯಡ್ಡು ನಲವತ್ತು ನಿಮಿಷದ್ದು, ಮುಂದಿನ ಪೀರಿಯಡ್ಡು ಗಣಿತದವರದು.